ಅಗುವಾದ: ಮೇಲೊಂದು ಕೋಟೆ, ಕೆಳಗೊಂದು ಕೋಟೆ

ಗೋವಾದ ಅಗುವಾದ ಕೋಟೆಯನ್ನು ನಡುಮಧ್ಯಾಹ್ನ ನೋಡಬಾರದು. ಬಿಸಿಲು ಓರೆಯಾಗಬೇಕು, ಆಗ ಮುರಕಲ್ಲಿಗೆ ಬಣ್ಣ ಏರುತ್ತದೆ. ನಮ್ಮ ಮಂಗಳೂರು, ಉಡುಪಿ ಕಡೆಯ ಮನೆಗೋಡೆಗಳ ಅದೇ ಕೆಂಪು ಕಲ್ಲು. ಹತ್ತಿರದಿಂದ ನೋಡಿದರೆ ಮೈತುಂಬ ತೂತು, ತೂತಿನೊಳಗೆ ಹಳದಿ ಮಣ್ಣು, ಮಳೆಗಾಲದ ಪಾಚಿ ಒಣಗಿ ಉಳಿಸಿಹೋದ ಕಪ್ಪು ಕಲೆ. ತೋಪಿನ ಗುಂಡು ತಡೆಯಲೆಂದು ಪೇರಿಸಿದ ಕಲ್ಲಿಗೆ ಎಷ್ಟು ಸೌಮ್ಯವಾದ ಮುಖ!

ಮಾಂಡವಿ ನದಿ ಕಡಲು ಸೇರುವಲ್ಲಿ, ಬಾರ್ದೇಸ್ ತಾಲ್ಲೂಕಿನ ತುದಿಗುಡ್ಡದ ಮೇಲೆ ಪೋರ್ಚುಗೀಸರು ಇದನ್ನು ಕಟ್ಟಿದ್ದು 1612ರಲ್ಲಿ. ಡಚ್ಚರ ಹಡಗುಗಳ ಭಯ, ಆಮೇಲೆ ಮರಾಠರ ಭಯ. ಆ ಕಥೆ ಎಲ್ಲ ಕೋಟೆಗಳದ್ದೂ ಹೌದು. ನನಗೆ ರುಚಿಸುವುದು ಅಂಗಳದಡಿಯ ನೀರಿನ ತೊಟ್ಟಿ. ಕಂಬ ನಿಲ್ಲಿಸಿ, ಕಮಾನು ಹೊರಿಸಿ ಕಟ್ಟಿದ ಅದು 23 ಲಕ್ಷ ಗ್ಯಾಲನ್‌ಗೂ ಹೆಚ್ಚು ನೀರು ಹಿಡಿಯುತ್ತಿತ್ತು. ಲಿಸ್ಬನ್ನಿನಿಂದ ತಿಂಗಳುಗಟ್ಟಲೆ ತೇಲಿ ಬಂದ ಹಡಗುಗಳು ಇಲ್ಲಿ ಸಿಹಿನೀರು ತುಂಬಿಕೊಳ್ಳುತ್ತಿದ್ದವು. ಯುದ್ಧಕ್ಕೆಂದು ಕಟ್ಟಿದ ಕಡೆ ಎಲ್ಲಕ್ಕಿಂತ ಜಾಣತನದ ಕೆಲಸ ಆಗಿರುವುದು ಬಾಯಾರಿಕೆಗಾಗಿ. ಈಗ ಅದರ ನೆತ್ತಿಯ ಮೇಲೇ ಸೆಲ್ಫಿ. ಕಾಲಡಿ ಏನಿದೆ ಎಂದು ಬಗ್ಗಿ ನೋಡುವವರು ಕಮ್ಮಿ. ('ದಿಲ್ ಚಾಹ್ತಾ ಹೈ' ಸಿನಿಮಾದ ಕೋಟೆ ಹುಡುಕುತ್ತ ಬಂದವರಿಗೆ: ಅದು ಚಾಪೋರಾ, ಇದಲ್ಲ.)

1864ರಲ್ಲಿ ಕೋಟೆಗೆ ದೀಪಸ್ತಂಭ ಬಂತು. ಗಿಡ್ಡಗೆ, ದುಂಡಗೆ, ಸುಣ್ಣ ಬಳಿದುಕೊಂಡು ನಿಂತ ಅದರಲ್ಲಿ ಬಿಗುಮಾನವೇ ಇಲ್ಲ. 1976ರಲ್ಲಿ ಪಕ್ಕದ ಹೊಸ ದೀಪಕ್ಕೆ ಕೆಲಸ ಒಪ್ಪಿಸಿ ಸುಮ್ಮನಾಯಿತು.

ಗುಡ್ಡದ ಬುಡದ ಕೋಟೆಯದು ಬೇರೆಯೇ ಬಾಳು. ಪೋರ್ಚುಗಲ್‌ನ ಸರ್ವಾಧಿಕಾರಿ ಸಾಲಜಾರನ ಕಾಲಕ್ಕೆ ಅದು ಸೆರೆಮನೆ. 1946ರ ಜೂನ್ 18ರಂದು ಮಡಗಾಂವಿನಲ್ಲಿ ಗೋವಾ ಬಿಡುಗಡೆ ಹೋರಾಟದ ಕಿಡಿ ಹೊತ್ತಿಸಿದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಸೆಪ್ಟೆಂಬರಿನಲ್ಲಿ ಮತ್ತೆ ಬಂದಾಗ ಅವರನ್ನು ಕೂಡಿಹಾಕಿದ್ದು ಇಲ್ಲೇ. ಅದೇ ಹೋರಾಟದ ಗೋವಾ ನಾಯಕ ಟಿ. ಬಿ. ಕುನ್ಹಾ ಅವರನ್ನೂ ಇಲ್ಲಿಟ್ಟು, ಪೋರ್ಚುಗಲ್‌ನ ಪೆನಿಶ್ ಕೋಟೆಗೆ ಸಾಗಿಸಿದರು. ಕಡಲಂಚಿನ ಒಂದು ಕೋಟೆಯಿಂದ ಕಡಲಂಚಿನ ಇನ್ನೊಂದು ಕೋಟೆಗೆ. ಗೋವಾ ಬಿಡುಗಡೆಯಾದರೂ ಅಗುವಾದಕ್ಕೆ ಬಿಡುಗಡೆ ಸಿಗಲಿಲ್ಲ. 2015ರಲ್ಲಿ ಕೋಲ್ವಾಳದ ಹೊಸ ಜೈಲು ತೆರೆಯುವವರೆಗೂ ಕೈದಿಗಳು ಇಲ್ಲೇ ಇದ್ದರು. 2021ರ ಡಿಸೆಂಬರ್‌ನಿಂದ ಇದು ವಸ್ತುಸಂಗ್ರಹಾಲಯ. ಪೆನಿಶ್ ಕೂಡ ಈಗ ವಸ್ತುಸಂಗ್ರಹಾಲಯವೇ.

ಹಳೇ ಜೈಲಿಗೆ ಹೊಸ ಬಣ್ಣ ಕೊಂಚ ಹೆಚ್ಚೇ ಬಳಿದಿದ್ದಾರೆ ಅನ್ನಿಸಿತು. ಆದರೂ ಗೋವಾಕ್ಕೆ ಹೋದವರು ಮೇಲಿನ ಕೋಟೆಯಿಂದಲೇ ವಾಪಸಾಗಬೇಡಿ. ಕೆಳಕ್ಕೂ ಇಳಿಯಿರಿ.