ಸಿವಂಗಿ ಎಂಬ ಮಾತು

ವನ್ಯಮೃಗಗಳನ್ನು ನೋಡಿಬಂದವರ ಪ್ರವಾಸಲೇಖನ ಕನ್ನಡದಲ್ಲಿ ಈಗ ಒಂದು ಪ್ರಕಾರವಾಗಿಯೇ ಬೆಳೆದಿದೆ. ಬೆಳಗಿನ ಚಳಿ, ಜೀಪು, ಜಿಂಕೆಯ ಎಚ್ಚರಿಕೆಯ ಕೂಗು, ಕೊನೆಗೆ ಹುಲಿಯ ದರ್ಶನ. ಹತ್ತನ್ನು ಓದಿದವರು ಹನ್ನೊಂದನೆಯದನ್ನು ಓದದೆಯೇ ಹೇಳಿಬಿಡಬಹುದು. ಗದ್ಯ ಕೆಟ್ಟದ್ದೆಂದು ನನ್ನ ದೂರಲ್ಲ. ಅನೇಕರದು ಸೊಗಸಾಗಿಯೇ ಇದೆ. ಆದರೆ ಮೃಗವೆಂದರೆ ದಟ್ಟವಾದ ಮರಗಳ ನೆರಳಿನಲ್ಲಿರುವುದು ಎಂಬ ಕಲ್ಪನೆ ಈ ಬರೆಹಗಳಿಗೆಲ್ಲ ತಳಹದಿಯಾಗಿದೆ. ಬಯಲು ಇವುಗಳ ಕಣ್ಣಿಗೆ ಬೀಳುವುದೇ ಇಲ್ಲ.

ಚೀತಾದ ಪ್ರಸಂಗದಲ್ಲಿ ಇದು ಚೆನ್ನಾಗಿ ಬಯಲಾಯಿತು. 2022ರ ಸೆಪ್ಟೆಂಬರ್ 17ರಂದು ನಮೀಬಿಯದಿಂದ 8, ಮರುವರ್ಷದ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕದಿಂದ 12 ಪ್ರಾಣಿಗಳು ಮಧ್ಯಪ್ರದೇಶದ ಕೂನೋಗೆ ಬಂದಾಗ ನಮ್ಮಲ್ಲಿ ಕೆಲವರು 'ಚಿರತೆ' ಬಂತೆಂದು ಬರೆದರು, ಕೆಲವರು 'ಚೀತಾ' ಎಂದರು. ಚಿರತೆ ಬೇರೆಯ ಪ್ರಾಣಿ. ಅದು ಎಂದೂ ನಮ್ಮನ್ನು ಬಿಟ್ಟುಹೋದದ್ದಲ್ಲ, ಮೊಳಕಾಲ್ಮೂರಿನ ಕಲ್ಲುಬೆಟ್ಟಗಳಲ್ಲಿ ಇಂದಿಗೂ ಇದೆ. ಚೀತಾ ಎಂಬುದು ಹಿಂದಿಯ ಮಾತು, ಸಂಸ್ಕೃತದ 'ಚಿತ್ರಕ'ದ ಸಂತಾನ. ಹಾಗಾದರೆ ಕನ್ನಡದಲ್ಲಿ ಇದಕ್ಕೆ ಹೆಸರೇ ಇರಲಿಲ್ಲವೆ? ಇತ್ತು. 1867ರಲ್ಲಿ ಅಚ್ಚಾದ ಜೆರ್ಡನ್ನನ ಗ್ರಂಥ ಭಾರತದ ಸಸ್ತನಿಗಳನ್ನು ವಿವರಿಸುವಾಗ ಇದರ ಕನ್ನಡ ಹೆಸರುಗಳಲ್ಲಿ 'ಸಿವಂಗಿ'ಯನ್ನು ಕೊಡುತ್ತದೆ. ಪ್ರಾಣಿಯ ಪರಿಚಯವಂತೂ ಇನ್ನೂ ಹಳೆಯದು: ಕಲ್ಯಾಣದ ಮೂರನೆಯ ಸೋಮೇಶ್ವರ 12ನೆಯ ಶತಮಾನದ 'ಮಾನಸೋಲ್ಲಾಸ'ದಲ್ಲಿ ಪಳಗಿಸಿದ ಚಿತ್ರಕಗಳಿಂದ ಬೇಟೆಯಾಡಿಸುವುದನ್ನು ವರ್ಣಿಸಿದ್ದಾನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಬೇಟೆಯ ಸಿವಂಗಿಗಳೂ ಇಂಗ್ಲಿಷರ ಕೈಸೇರಿದುವು. ಇಷ್ಟೆಲ್ಲ ಇದ್ದ ಮಾತು ಇಂದು ನನ್ನ ಎಂ.ಎ. ವಿದ್ಯಾರ್ಥಿಗಳಿಗೂ ಅಪರಿಚಿತ.

ಪ್ರಾಣಿ ಹೋಯಿತು, ಮಾತೂ ಹೋಯಿತು ಎನ್ನಬಹುದು. 1952ರಲ್ಲಿ ಸರ್ಕಾರವೇ ಭಾರತದಲ್ಲಿ ಅದು ನಿರ್ನಾಮವಾಯಿತೆಂದು ಸಾರಿತು. ಆದರೆ ಕನ್ನಡನಾಡಿನ ಕಾಡಿನಲ್ಲಿ ಸಿಂಹವೂ ಇಲ್ಲ. ಸಿಂಹವೆಂಬ ಮಾತು ಸತ್ತಿತೆ? ಸಿಂಹಕ್ಕೆ ದೇವಿಯ ವಾಹನದ ಪದವಿಯಿತ್ತು. ಹುಲಿಗೆ 'ಗೋವಿನ ಹಾಡು' ಇದೆ. ಸಿವಂಗಿಗೆ ಇದ್ದದ್ದು ಬಯಲೊಂದೇ. ಬಯಲನ್ನು ನಾವು ಪಾಳು ಎಂದು ಕರೆದ ದಿನವೇ ಅದರ ಹೆಸರಿಗೂ ಆಧಾರ ತಪ್ಪಿತೆಂದು ನನಗೆ ತೋರುತ್ತದೆ.

ಚಳ್ಳಕೆರೆಯಲ್ಲಿ ಪಾಠ ಹೇಳುವ ನಾನು ಪ್ರವಾಸಿ ತಂಡವೊಂದರ ಜೊತೆಗೆ ಕೂನೋಗೆ ಹೋಗಿದ್ದೆ. ಮರ ಅಲ್ಲಿ ಹೆಚ್ಚು. ಆದರೆ ಒಣಗಿದ ಹುಲ್ಲಿನ ಬಯಲುಗಳನ್ನು ಕಂಡಾಗ ನಮ್ಮ ಅಮೃತಮಹಲ್ ಕಾವಲೇ ನೆನಪಿಗೆ ಬಂತು. ಜೊತೆಯವರು ದುರ್ಬೀನು ಹಿಡಿದು ಚುಕ್ಕೆಯ ಮೈಯನ್ನು ಅರಸುತ್ತಿದ್ದರು. ಅಲ್ಲಿಯ ಹುಲ್ಲುಗಾವಲುಗಳಲ್ಲಿ ಹಲವು ಒಂದು ಕಾಲಕ್ಕೆ ಉತ್ತ ಹೊಲಗಳು. ಗಿರ್ ಸಿಂಹಗಳನ್ನು ತರುವುದಕ್ಕೆಂದು 24 ಹಳ್ಳಿಗಳನ್ನು ಎಬ್ಬಿಸಿದರು; ಎದ್ದವರು ಹೆಚ್ಚಾಗಿ ಸಹರಿಯಾ ಜನ. ಸಿಂಹ ಬರಲಿಲ್ಲ, ಚೀತಾ ಬಂತು. ಕೂನೋವನ್ನು ಕುರಿತು ನಾನು ಓದಿದ ಕನ್ನಡ ಲೇಖನಗಳಲ್ಲಿ ಹೆಜ್ಜೆಗುರುತಿದೆ, ಸೂರ್ಯಾಸ್ತವಿದೆ, ಊಟದ ವ್ಯವಸ್ಥೆಯೂ ಇದೆ, ಈ ಹಳ್ಳಿಗಳಿಲ್ಲ. ಕೆನೆತ್ ಆ್ಯಂಡರ್ಸನ್ನನ ಬೇಟೆಯ ಕಥೆಗಳನ್ನು ತೇಜಸ್ವಿಯವರು ಕನ್ನಡಕ್ಕೆ ತಂದಾಗ ನರಭಕ್ಷಕನ ಬೆನ್ನಿಗೇ ಊರೂ ಬಂತು, ಊರಿನ ಹೆದರಿಕೆಯೂ ಬಂತು. ಅದನ್ನು ಓದಿ ಬೆಳೆದವರೇ ಇಂದು ಇಂಥ ಊರಿಲ್ಲದ ಕಾಡನ್ನು ಬರೆಯುತ್ತಿರುವುದು ಸೋಜಿಗ.

ದೂರದ ಕೂನೋ ಹಾಗಿರಲಿ. ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸುಮಾರು 10,000 ಎಕರೆ 2009ರಿಂದೀಚೆಗೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮುಂತಾದ ಸಂಸ್ಥೆಗಳಿಗೆ ಹಂಚಿಹೋಯಿತು. ಕುರಿ, ದನ, ಕೃಷ್ಣಮೃಗ ಮೇಯುತ್ತಿದ್ದ ಹುಲ್ಲು ಅದು. ವಿಜ್ಞಾನ ಬೇಡವೆಂದು ನಾನು ಹೇಳುವವನಲ್ಲ. ಆದರೆ ಅಷ್ಟು ಮರಗಳ ಕಾಡು ಹೋಗಿದ್ದರೆ ನಮ್ಮ ಸಾಪ್ತಾಹಿಕಗಳಲ್ಲಿ ಎಷ್ಟು ಕವಿತೆಗಳು ಬರುತ್ತಿದ್ದುವು! ಹುಲ್ಲಿಗೆ ಒಂದೂ ಬಂದದ್ದನ್ನು ನಾನು ಕಾಣೆ.

ಮ್ಯಾಸನಾಯಕರ ದೇವರ ಎತ್ತುಗಳನ್ನು ಕಾಯುವ ಕಿಲಾರಿಯೊಬ್ಬರನ್ನು ಮಾತಿನ ನಡುವೆ ಕೇಳಿದೆ: ಸಿವಂಗಿ ಎಂದರೆ ಏನು ಯಜಮಾನರೆ?

"ಹೆಸ್ರು ಕೇಳಿದೀನಿ ಮೇಷ್ಟ್ರೇ, ಕಣ್ಣಾಗೆ ಕಂಡಿಲ್ಲ" ಎಂದರು. ಆಮೇಲೆ ಈ ವರ್ಷ ಮಳೆ ತಡವಾದದ್ದನ್ನೂ, ಕಾಂಪೌಂಡು ಗೋಡೆ ಎದ್ದಮೇಲೆ ಎತ್ತುಗಳನ್ನು ಎಷ್ಟು ದೂರ ಸುತ್ತಿಸಿ ನೀರಿಗೆ ಹೊಡೆಯಬೇಕಾಗಿದೆ ಎಂಬುದನ್ನೂ ಹೇಳತೊಡಗಿದರು.