ತಕ್ಕಡಿ ಹಿಡಿದವರ ಹೊಣೆ

ಒಂದು ದೇಶದ ಶಾಲೆಯನ್ನು ಇನ್ನೊಂದು ದೇಶದ ಶಾಲೆಯೊಡನೆ ಹೋಲಿಸಿ ನೋಡುವ ತೌಲನಿಕ ವಿದ್ಯಾಭ್ಯಾಸ ಶಾಸ್ತ್ರಕ್ಕೆ ಈಗ ಎರಡು ಶತಮಾನಗಳ ವಯಸ್ಸು. 1817ರಲ್ಲಿ ಫ್ರಾನ್ಸಿನ ಮಾರ್ಕ್ ಆಂತ್ವಾನ್ ಜೂಲ್ಯಾಂ ಅದಕ್ಕೊಂದು ನಕ್ಷೆ ಹಾಕಿಕೊಟ್ಟ. ಯೂರೋಪಿನ ರಾಜ್ಯಗಳಿಗೆಲ್ಲ ಒಂದೇ ಪ್ರಶ್ನಾವಳಿ. ಬಂದ ಉತ್ತರಗಳಿಗೆಲ್ಲ ಒಂದೇ ಕೋಷ್ಟಕ. ಹೀಗೆ ಮಾಡಿದರೆ ವಿದ್ಯಾಭ್ಯಾಸವೂ ಶಾಸ್ತ್ರವಾದೀತೆಂಬುದು ಅವನ ನಂಬಿಕೆ.

ಕೋಷ್ಟಕದ ಮೇಲಿನ ಈ ಶ್ರದ್ಧೆಗೆ ಅಂಕುಶ ಹಾಕಿದವರಲ್ಲಿ ಮೈಕಲ್ ಸ್ಯಾಡ್ಲರ್ ಪ್ರಮುಖರು. 1917ರಲ್ಲಿ ನೇಮಕವಾದ ಕಲ್ಕತ್ತಾ ವಿಶ್ವವಿದ್ಯಾನಿಲಯದ ಆಯೋಗಕ್ಕೆ ಅಧ್ಯಕ್ಷರಾಗಿ ಬಂದ ಕಾರಣ ನಮ್ಮವರಿಗೆ ಅವರ ಹೆಸರು ಹೊಸದಲ್ಲ. ಅದಕ್ಕೂ ಮುಂಚೆ, 1900ರಲ್ಲಿ, ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲಿ ಅವರು ಮಾಡಿದ ಭಾಷಣ ಈ ಶಾಸ್ತ್ರದ ಮೂಲ ಗ್ರಂಥಗಳ ಸಾಲಿಗೆ ಸೇರಿದೆ. ಅದರ ತಿರುಳಿಷ್ಟು: ಶಾಲೆಯನ್ನು ಊರಿನಿಂದ ಕಿತ್ತು ನೋಡಬಾರದು, ಮನೆ, ಕಸುಬು, ಚರಿತ್ರೆಗಳ ಬೇರುಗಳೊಡನೆ ನೋಡಬೇಕು, ಪರರದನ್ನು ಅರಿಯುವುದರ ಮುಖ್ಯ ಲಾಭವೆಂದರೆ ನಮ್ಮದನ್ನು ಅರಿಯುವುದು.

ಈ ವಿವೇಕವನ್ನು ಜಗತ್ತು ಎಷ್ಟು ಬೇಗ ಮರೆಯುತ್ತದೆಂಬುದಕ್ಕೆ ಫಿನ್ಲೆಂಡೇ ಸಾಕ್ಷಿ. ಹದಿನೈದು ವಯಸ್ಸಿನ ಮಕ್ಕಳ ಓದು, ಗಣಿತ, ವಿಜ್ಞಾನಗಳನ್ನು ಅಳೆಯುವ 'ಪೀಸಾ' ಪರೀಕ್ಷೆ 2000ದಲ್ಲಿ ಆರಂಭವಾದಾಗ ಓದಿನಲ್ಲಿ ಮೊದಲ ಸ್ಥಾನ ಆ ದೇಶಕ್ಕೆ ಬಂತು. ಕೂಡಲೆ ನಾನಾ ದೇಶಗಳ ಅಧಿಕಾರಿಗಳು ಅಲ್ಲಿಗೆ ಯಾತ್ರೆ ಹೊರಟರು. 2006ರ ನಂತರ ಅದರ ಅಂಕಗಳೂ ಇಳಿಯತೊಡಗಿದವು. ದೂರದ ಬೆಟ್ಟ ನುಣ್ಣಗೆ.

ಆದರೆ ಸ್ಯಾಡ್ಲರ್ ಅವರ ಮಾತಿನಲ್ಲಿಯೂ ಒಂದು ಅಪಾಯವುಂಟು. ಪ್ರತಿಯೊಂದು ಶಾಲೆಯೂ ಆಯಾ ನೆಲದ ಬೆಳೆ ಎಂದುಬಿಟ್ಟರೆ, ಮೈಗಳ್ಳರಿಗೆ ಅದೇ ಆಶ್ರಯ. ಪೀಸಾದ 2009ರ ಸುತ್ತಿನ ವಿಸ್ತರಣೆಯಲ್ಲಿ ನಮ್ಮ ತಮಿಳುನಾಡು ಮತ್ತು ಹಿಮಾಚಲ ಪ್ರದೇಶಗಳು ಭಾಗವಹಿಸಿ ಪಟ್ಟಿಯ ಕೆಳತುದಿಯಲ್ಲಿ ನಿಂತವು. ಪ್ರಶ್ನೆಗಳು ನಮ್ಮ ಮಕ್ಕಳ ಬಾಳಿಗೆ ಒಗ್ಗುವಂಥವಲ್ಲವೆಂಬ ಆಕ್ಷೇಪಣೆ ಎದ್ದಿತು. 2012, 2015, 2018ರ ಸುತ್ತುಗಳಿಗೆ ಭಾರತ ಹೋಗಲೇ ಇಲ್ಲ. ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದಲ್ಲ. ಆದರೂ ಕುಣಿಯಲಾರದವಳು ನೆಲ ಡೊಂಕೆಂದ ಗಾದೆ ನೆನಪಾಗದೆ ಇರದು. 'ಅಸರ್' ಸಮೀಕ್ಷೆಯ ಪ್ರಕಾರ 2018ರಲ್ಲಿಯೂ ನಮ್ಮ ಹಳ್ಳಿಗಳ ಐದನೆಯ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ಎರಡನೆಯ ತರಗತಿಯ ಪಾಠ ಓದಲು ಬರುತ್ತಿತ್ತು. ಈ ಲೆಕ್ಕ ಪ್ಯಾರಿಸಿನವರು ಹಾಕಿದ್ದಲ್ಲ, ನಮ್ಮವರೇ ಹಾಕಿದ್ದು.

ಅಸರ್ ನಮ್ಮ ವಿಮರ್ಶೆಗೆ ಮುಖ್ಯವಾಗುವುದು ಇಲ್ಲಿಯೇ. ಪ್ರಥಮ್ ಸಂಸ್ಥೆ 2005ರಲ್ಲಿ ಆರಂಭಿಸಿದ ಈ ಸಮೀಕ್ಷೆ ಮಕ್ಕಳ ಓದನ್ನು ಅಳೆಯಲು ಶಾಲೆಗೆ ಹೋಗುವುದಿಲ್ಲ. ಮನೆಯ ಬಾಗಿಲಿಗೆ ಹೋಗುತ್ತದೆ. ಮಗುವಿನ ಮುಂದೆ ಅದು ಬಲ್ಲ ಭಾಷೆಯ ಒಂದು ಹಾಳೆ ಹಿಡಿಯುತ್ತದೆ: ಅಕ್ಷರ, ಪದ, ಸಣ್ಣ ವಾಕ್ಯಗಳು, ಒಂದು ಪುಟ್ಟ ಕಥೆ. ಫಲಿತಾಂಶ ತಿಳಿಯಲು ಪಂಡಿತರೇ ಬೇಕಿಲ್ಲ. ಪಕ್ಕದಲ್ಲಿ ನಿಂತ ತಾಯಿಗೂ ತಿಳಿಯುತ್ತದೆ. ಈ ಕ್ರಮವನ್ನು ಪಾಕಿಸ್ತಾನವೂ, ಕೀನ್ಯ, ಟಾಂಜಾನಿಯ, ಉಗಾಂಡಗಳೂ ತಮ್ಮ ತಮ್ಮ ಭಾಷೆಗಳಿಗೆ ಹೊಂದಿಸಿಕೊಂಡವು. ಬಡ ದೇಶವೊಂದರ ವಿಚಾರ ಇನ್ನೊಂದು ಬಡ ದೇಶಕ್ಕೆ ನೆರವಾದ ಈ ಸಂಗತಿ, ಸಾಲದೊಂದಿಗೆ ಬರುವ ಸಲಹೆಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು.

2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಭಿವೃದ್ಧಿಯ ಗುರಿಗಳಲ್ಲಿ, ಮಕ್ಕಳು ಶಾಲೆಗೆ ಸೇರಿದರೆ ಸಾಲದು, ಕಲಿಯಲೂ ಬೇಕೆಂದಿದೆ. ಅಲ್ಲಿಂದೀಚೆಗೆ ಅಳತೆಗಳ ಅಧಿಕಾರ ಬೆಳೆದಿದೆ. ಆದ್ದರಿಂದ ತಕ್ಕಡಿ ಹಿಡಿದವರನ್ನು ಒಂದು ಪ್ರಶ್ನೆ ಕೇಳುವ ಹಕ್ಕು ನಮಗುಂಟು: ನೀವು ತೂಗಿದ ಫಲ ಆ ಹುಡುಗಿಯ ಮೇಷ್ಟ್ರಿಗೆ ತಲಪಿತೆ? ಮಂತ್ರಿಗಳ ಮೇಜಿನ ಮೇಲೆಯೇ ಉಳಿದ ಹೋಲಿಕೆ ಪಂದ್ಯದ ಫಲಿತಾಂಶವಾದೀತು, ಸಂಶೋಧನೆಯಾಗದು.