ಯೋನಿಗಣನೆಯೂ ಜೀವವಿಕಾಸವೂ

ಸಸ್ಯ-ಪ್ರಾಣಿಗಳ ವೈವಿಧ್ಯದ ಪ್ರಸ್ತಾಪ ಬಂದಾಗ ಧಾರ್ಮಿಕ ಉಪನ್ಯಾಸಗಳಲ್ಲಿ ಎಂಬತ್ತನಾಲ್ಕು ಲಕ್ಷ ಯೋನಿಗಳ ಉಲ್ಲೇಖ ತಪ್ಪದೆ ಬರುತ್ತದೆ. ಡಾರ್ವಿನ್ನನು 1859ರಲ್ಲಿ ಪ್ರತಿಪಾದಿಸಿದ ವಿಕಾಸವಾದವನ್ನು ಪುರಾತನರು ಮೊದಲೇ ಕಂಡಿದ್ದರೆಂಬ ವ್ಯಾಖ್ಯಾನವೂ ಅದನ್ನು ಹಿಂಬಾಲಿಸುತ್ತದೆ. ಈ ವ್ಯಾಖ್ಯಾನದ ಸಾಧುತ್ವವನ್ನು ಪರಿಶೀಲಿಸಲು ಹಾಸನ ಜಿಲ್ಲೆಯ ಸಸ್ಯಗಳನ್ನು ಕುರಿತ ಗ್ರಂಥವೊಂದು ತಕ್ಕ ಒರೆಗಲ್ಲಾಗಿದೆ.

ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಸಿಸಿಲ್ ಸಲ್ಡಾನ ಹಾಗೂ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್ ಇವರು ಸಂಪಾದಿಸಿದ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ 1976ರಲ್ಲಿ ಪ್ರಕಟವಾಯಿತು. ಸಲ್ಡಾನ ಅವರು ಕ್ರೈಸ್ತ ಸಂನ್ಯಾಸಿಗಳು. ತಮ್ಮ ಧರ್ಮಶ್ರದ್ಧೆಗೂ ಸಸ್ಯಶಾಸ್ತ್ರಕ್ಕೂ ಅವರು ವಿರೋಧವನ್ನು ಕಾಣಲಿಲ್ಲ. ಒಂದೇ ಜಿಲ್ಲೆಯನ್ನು ಆರಿಸಿಕೊಂಡದ್ದು ಗ್ರಂಥದ ಮಿತಿಯಲ್ಲ, ಅದರ ಬಲ. ಪಶ್ಚಿಮದ ಘಟ್ಟದ ನಿತ್ಯಹಸುರಿನ ಕಾಡು, ಹಾಸನ-ಅರಕಲಗೂಡುಗಳ ಅರೆಮಲೆನಾಡು, ಹೊಳೆನರಸೀಪುರದ ಹೊಳೆದಂಡೆ, ಚನ್ನರಾಯಪಟ್ಟಣದ ಜಾಲಿ-ತಂಗಡಿಯ ಬಯಲು—ಇವೆಲ್ಲ ಒಂದು ದಿನದ ಪ್ರಯಾಣದ ಅಂತರದಲ್ಲಿವೆ. ಮಳೆ ಪೂರ್ವಕ್ಕೆ ಸರಿದಂತೆ ಕ್ಷೀಣಿಸುತ್ತದೆ. ಅದರೊಡನೆ ಸಸ್ಯವರ್ಗವೂ ಮಾರ್ಪಡುತ್ತದೆ.

ವಿಕಾಸವಾದದ ತಿರುಳನ್ನು ತಿಳಿಯಲು ಈ ನಾಡಿನ ಮತ್ತಿಯ ಮರಗಳೇ ಸಾಕು. ಒಣಗಾಡಿನ ಕರಿಮತ್ತಿಯ ತೊಗಟೆ ದಪ್ಪ, ಕಪ್ಪು, ಆಳವಾಗಿ ಸೀಳಿದ್ದು, ಕಾಳ್ಗಿಚ್ಚನ್ನು ತಾಳಬಲ್ಲದು. ಹೊಳೆಯಂಚಿನ ಹೊಳೆಮತ್ತಿಯ ತೊಗಟೆ ನಯವಾದದ್ದು, ಬಿಳುಪಾದದ್ದು. ಹೊರನೋಟಕ್ಕೆ ಇವು ಬೇರೆ ಬೇರೆ. ಆದರೆ ಎರಡರ ಕಾಯಿಗೂ ಐದೈದು ರೆಕ್ಕೆಗಳುಂಟು. ಒಂದೇ ಮೂಲದಿಂದ ಕವಲೊಡೆದು, ತಮ್ಮ ತಮ್ಮ ನೆಲೆಗೆ ಒಗ್ಗಿಕೊಂಡ ದಾಯಾದಿಗಳಿವು. ಇವುಗಳಲ್ಲಿ ಒಂದು ಮೇಲು, ಇನ್ನೊಂದು ಕೀಳು ಎಂಬ ಮಾತಿಗೆ ಅರ್ಥವಿಲ್ಲ.

ಯೋನಿಗಣನೆಯ ಆಶಯ ಇದಲ್ಲ. ಅದು ಒಂದು ಜೀವಾತ್ಮವು ನಾನಾ ದೇಹಗಳಲ್ಲಿ ತೊಳಲುವ ಬಗೆಯನ್ನೂ, ದುರ್ಲಭವಾದ ಮಾನವಜನ್ಮದಲ್ಲಿ ಗುರುಕಾರುಣ್ಯದಿಂದ ಭವವನ್ನು ನೀಗುವ ಬಗೆಯನ್ನೂ ಹೇಳುತ್ತದೆ. ಅದು ಆರೋಹಣದ ಸೋಪಾನ. ವಿಕಾಸವಾದವಾದರೋ ಕವಲೊಡೆಯುವ ವೃಕ್ಷ. ಅಲ್ಲಿ ಬದಲಾಗುವುದು ಆತ್ಮದ ಗತಿಯಲ್ಲ, ಅಸಂಖ್ಯ ತಲೆಮಾರುಗಳ ಸಂತತಿ. ಷಟ್‌ಸ್ಥಲಗಳ ಏರಿಕೆಯನ್ನು ದೇಹವಿಕಾಸಕ್ಕೆ ಹೋಲಿಸುವ ವ್ಯಾಖ್ಯಾನವೂ ಇದೇ ಕಾರಣದಿಂದ ನಿಲ್ಲಲಾರದು. ಎರಡನ್ನೂ ಒಂದಾಗಿಸಿದರೆ ಸಿದ್ಧಾಂತಕ್ಕೆ ಬೇಡದ ಸಾಕ್ಷ್ಯವೂ ವಿಜ್ಞಾನಕ್ಕೆ ಸಲ್ಲದ ಅರ್ಥವೂ ಅಂಟಿಕೊಳ್ಳುತ್ತವೆ.

ಗ್ರಂಥಕ್ಕೆ ಒಂದು ಕೊರತೆಯುಂಟು: ಅದು ಇಂಗ್ಲಿಷಿನಲ್ಲಿದೆ. ತುಂಬೆ-ಬಿಲ್ವಗಳನ್ನು ನಿತ್ಯವೂ ಲಿಂಗಕ್ಕೆ ಅರ್ಪಿಸುವ ಭಕ್ತನಿಗೆ ಅವುಗಳ ಕುಲಬಾಂಧವರ ಪರಿಚಯ ಅಲ್ಲಿಂದ ಸುಲಭವಾಗಿ ದೊರೆಯದು. ಶಾಸ್ತ್ರವನ್ನು ಕನ್ನಡದಲ್ಲಿ ರಸವತ್ತಾಗಿ ಹೇಳಬಹುದೆಂಬುದನ್ನು 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ತೋರಿಸಿತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಹಾರುವ ಓತಿಯೊಂದರ ಶೋಧದ ಮೂಲಕ ವಿಕಾಸದ ಅಗಾಧತೆಯನ್ನು ಕಥೆಯಾಗಿಸಿತು; ವಿದ್ವಾಂಸನ ಅರಿವು ಹಳ್ಳಿಯ ಮಂದಣ್ಣನ ಕಣ್ಣನ್ನು ನೆಚ್ಚಿದೆಯೆಂಬುದು ಆ ಕೃತಿಯ ದೊಡ್ಡ ಕಾಣ್ಕೆ. ಆದರೆ ಇವೆರಡೂ ಮಲೆಗಾಡಿನ ಕಡೆಗೇ ಮುಖ ಮಾಡಿವೆ. ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಬಯಲಿನ ಜೀವರಾಶಿ ಅಂತಹ ಲೇಖನಿಗಾಗಿ ಇನ್ನೂ ಕಾದಿದೆ.

ಈ ಕಾರ್ಯಕ್ಕೆ ವಿಳಂಬ ಸಲ್ಲದು. ಗ್ರಂಥ ಪ್ರಕಟವಾದ ಮೂರು ವರ್ಷಕ್ಕೆ, 1979ರಲ್ಲಿ, ಗೊರೂರಿನ ಹೇಮಾವತಿ ಅಣೆಕಟ್ಟು ಪೂರ್ಣಗೊಂಡು ಬಹುವಿಸ್ತಾರವಾದ ನೆಲ ಜಲಾವೃತವಾಯಿತು. ಕಾಲುವೆಯ ನೀರು ಬಯಲಿನ ಬೇಸಾಯವನ್ನು ಹಸನುಗೊಳಿಸಿದ್ದು ನಿಜ. ಆದರೆ ಉಳುಮೆಗೊಳಪಟ್ಟ ಬೀಳಿನ ಗಿಡಗಳಿಗೆ ಅಲ್ಲಿ ಮತ್ತೆ ನೆಲೆಯಿಲ್ಲ.

ಸಕಲ ಜೀವರಲ್ಲಿ ದಯೆಯಿರಬೇಕೆಂಬುದು ಶರಣಧರ್ಮದ ಮೂಲತತ್ತ್ವ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ದೇವರ ಮೀನುಗಳನ್ನು ಯಾರೂ ಹಿಡಿಯದಂತೆ ಭಕ್ತಿಯೇ ಕಾದಿದೆ. ಆ ದಯೆ ಗುಡಿಯ ಮಡುವಿನಲ್ಲಿ ನಿಲ್ಲದೆ ಹಾದಿಬದಿಯ ತುಂಬೆಯವರೆಗೂ ವ್ಯಾಪಿಸಬೇಕಾದರೆ ಒಂದೊಂದು ಜೀವವನ್ನೂ ಅದರ ಹೆಸರಿನಿಂದ ಗುರುತಿಸುವ ಅಭ್ಯಾಸ ಬೇಕು. ಪುರಾತನರಿಗೆ ವಿಕಾಸವಾದದ ಕೀರ್ತಿಯನ್ನು ಆರೋಪಿಸುವುದಕ್ಕಿಂತ ಇದು ಅವರಿಗೆ ಸಲ್ಲುವ ನಿಜವಾದ ಗೌರವ.